ಎರಡು ರೇಖೆಗಳು ಕೂಡುವಲ್ಲಿ ರೊದ್ದಂ: ರೇಡಿಯೊ ದಿಕ್ಕು ಪತ್ತೆಯ ಆಟ ಮತ್ತು ಪಾಠ

ಕನ್ನಡ ಮಾಧ್ಯಮದಲ್ಲಿ ಓದುವ ಮಗು ಕಂಪ್ಯೂಟರ್ ಮತ್ತು ತಂತ್ರಜ್ಞಾನದ ವಿಷಯಗಳಲ್ಲಿ ಹಿಂದುಳಿಯುವುದೇ? ಗಡಿಭಾಗದ ಪೋಷಕರಲ್ಲಿ ಅನೇಕರನ್ನು ಕಾಡುವ ಈ ಪ್ರಶ್ನೆಗೆ ಒಂದು ಉದಾಹರಣೆಯ ಮೂಲಕ ಉತ್ತರ ಹುಡುಕಲು ನಾವು ಇಲ್ಲಿ ಯತ್ನಿಸಿದ್ದೇವೆ. ಆ ಉದಾಹರಣೆ ಬಂದಿರುವುದು ಒಂದು ಕಂಪ್ಯೂಟರ್ ಆಟದಿಂದ.

‘ಸ್ಟಾರ್ಮ್‌ವರ್ಕ್ಸ್: ಬಿಲ್ಡ್ ಅಂಡ್ ರೆಸ್ಕ್ಯೂ’ ಎಂಬ ಆಟವು 2018ರಲ್ಲಿ ಮೊದಲು ಹೊರಬಂದಿತು. ಇದರಲ್ಲಿ ಆಟಗಾರನು ದೋಣಿ, ಹೆಲಿಕಾಪ್ಟರ್ ಮೊದಲಾದ ವಾಹನಗಳನ್ನು ಬಿಡಿಭಾಗಗಳಿಂದ ತಾನೇ ಕಟ್ಟಿ, ಸಮುದ್ರದಲ್ಲಿ ಅಪಾಯಕ್ಕೆ ಸಿಲುಕಿದವರನ್ನು ರಕ್ಷಿಸಬೇಕು. ಕಳೆದುಹೋದ ಹಡಗಿನಿಂದ ರೇಡಿಯೊ ಸಂಕೇತವೇನೋ ಬರುತ್ತಿರುತ್ತದೆ. ಆದರೆ ಅದು ಎಲ್ಲಿಂದ ಬರುತ್ತಿದೆ? ಅದನ್ನು ಕಂಡುಹಿಡಿಯುವ ಉಪಕರಣವನ್ನೂ ಆಟಗಾರನೇ ರಚಿಸಬಹುದು.

ಇದಕ್ಕೆ ಎರಡು ದಾರಿಗಳಿವೆ. ಮೊದಲನೆಯದು ದಿಕ್ಕಿನ ದಾರಿ. ಇದನ್ನು ತಿಳಿಯಲು ಆಟವೇ ಬೇಕೆಂದಿಲ್ಲ, ಮನೆಯ ಹಳೆಯ ಟ್ರಾನ್ಸಿಸ್ಟರ್ ಸಾಕು. ಹಗಲಿನಲ್ಲಿ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ನ ಮಧ್ಯಮ ತರಂಗ ಕೇಂದ್ರವನ್ನು ಹಿಡಿದು, ಪೆಟ್ಟಿಗೆಯನ್ನು ನಿಧಾನವಾಗಿ ಸುತ್ತ ತಿರುಗಿಸಿರಿ. ಧ್ವನಿಯು ಒಂದು ಸ್ಥಾನದಲ್ಲಿ ಕ್ಷೀಣಿಸುತ್ತದೆ. ಪೆಟ್ಟಿಗೆಯೊಳಗೆ ಉದ್ದಕ್ಕೆ ಮಲಗಿರುವ ಫೆರೈಟ್ ಕಡ್ಡಿಯ ತುದಿಯು ಕೇಂದ್ರದ ಕಡೆಗೆ ಮುಖಮಾಡಿದಾಗ ಹೀಗಾಗುತ್ತದೆ. ಧ್ವನಿ ಅತಿ ಹೆಚ್ಚಾಗುವ ಸ್ಥಾನಕ್ಕಿಂತ ಕುಗ್ಗುವ ಸ್ಥಾನವು ಸ್ಪಷ್ಟವಾದುದರಿಂದ ದಿಕ್ಕು ಪತ್ತೆಗೆ ಅದನ್ನೇ ಬಳಸುತ್ತಾರೆ. ರಾತ್ರಿ ಅಲೆಗಳು ಮೇಲಿನ ವಾಯುಮಂಡಲದಿಂದ ಪ್ರತಿಫಲಿಸಿ ಬರುವುದರಿಂದ ಈ ಲೆಕ್ಕ ಕೆಡುತ್ತದೆ.

ಕಡ್ಡಿಗೆ ಎರಡು ತುದಿಗಳಿವೆ. ಆದುದರಿಂದ ಕೇಂದ್ರವು ಉತ್ತರಕ್ಕಿದೆಯೋ ದಕ್ಷಿಣಕ್ಕಿದೆಯೋ ಎಂಬುದು ಒಂದೇ ಅಳತೆಯಿಂದ ತಿಳಿಯದು, ದೂರವೂ ತಿಳಿಯದು. ಅದಕ್ಕೆ ಎರಡನೆಯ ಸ್ಥಳ ಬೇಕು. ರೊದ್ದಂನಲ್ಲಿ ಒಂದು ಪ್ರೇಷಕವಿದೆ ಎಂದು ಭಾವಿಸೋಣ. ಹಿಂದೂಪುರದಲ್ಲಿ ನಿಂತವರಿಗೆ ಅದು ಉತ್ತರಕ್ಕೆ, ತುಸು ಪಶ್ಚಿಮಕ್ಕೆ ವಾಲಿದಂತೆ ಕಾಣುತ್ತದೆ. ಕಲ್ಯಾಣದುರ್ಗದಲ್ಲಿ ನಿಂತವರಿಗೆ ಆಗ್ನೇಯದಲ್ಲಿರುತ್ತದೆ. ನಕ್ಷೆಯ ಮೇಲೆ ಎರಡೂ ಊರುಗಳಿಂದ ಆಯಾ ರೇಖೆಯನ್ನು ಎಳೆದರೆ ಅವು ಕೂಡುವ ಬಿಂದುವೇ ರೊದ್ದಂ. ರೇಖೆಗಳು ತೀರ ಕಿರಿದಾದ ಕೋನದಲ್ಲಿ ಕೂಡಿದರೆ ಸಣ್ಣ ತಪ್ಪೂ ದೊಡ್ಡದಾಗುತ್ತದೆ ಎಂಬುದನ್ನು ಮರೆಯಬಾರದು.

ಎರಡನೆಯದು ದೂರದ ದಾರಿ. ಆಟದಲ್ಲಿರುವ ಪತ್ತೆಯಂತ್ರವು ದಿಕ್ಕನ್ನು ಹೇಳುವುದಿಲ್ಲ. ಸಂಕೇತ ನೀಡುವ ಸಾಧನವು ಹತ್ತಿರವಾದಂತೆ ಅದರ ಮಿಡಿತ ವೇಗವಾಗುತ್ತದೆ, ಅಷ್ಟೇ. ಎರಡು ಮಿಡಿತಗಳ ನಡುವಿನ ಅವಧಿಯಿಂದ ದೂರವನ್ನು ಲೆಕ್ಕಹಾಕುವ ಪುಟ್ಟ ಗಣಕಭಾಗವನ್ನು ಆಟಗಾರರು ರಚಿಸುತ್ತಾರೆ. ಮುಂದಿನದೆಲ್ಲವೂ ನಮ್ಮ ಮಕ್ಕಳ ಗಣಿತ ಪುಸ್ತಕದಲ್ಲಿರುವುದೇ.

ಮೂಲಬಿಂದು (0, 0)ದಿಂದ ಹಡಗಿನ ದೂರ 5 ಕಿಲೋಮೀಟರ್ ಎಂದಿರಲಿ. ಆಗ ಹಡಗು 5 ಕಿಲೋಮೀಟರ್ ತ್ರಿಜ್ಯದ ವೃತ್ತದ ಮೇಲೆ ಎಲ್ಲಿಯಾದರೂ ಇರಬಹುದು. ದೋಣಿಯನ್ನು (6, 0)ಕ್ಕೆ ಒಯ್ದು ಅಳೆದಾಗಲೂ ದೂರ 5 ಎಂದೇ ಬಂದರೆ, ಎರಡು ವೃತ್ತಗಳು (3, 4) ಮತ್ತು (3, -4) ಎಂಬ ಎರಡು ಬಿಂದುಗಳಲ್ಲಿ ಛೇದಿಸುತ್ತವೆ. ಇವುಗಳಲ್ಲಿ ಯಾವುದು ನಿಜ? ಅದೇ ಸರಳರೇಖೆಯಲ್ಲಿ ಎಷ್ಟು ದೂರ ಸಾಗಿದರೂ ಈ ಸಂದೇಹ ತೀರದು, ಏಕೆಂದರೆ ಎರಡೂ ಬಿಂದುಗಳು ಆ ರೇಖೆಯಿಂದ ಸಮದೂರದಲ್ಲಿವೆ. ದೋಣಿಯನ್ನು ತಿರುಗಿಸಿ (0, 4)ಕ್ಕೆ ಹೋಗಬೇಕು. ಅಲ್ಲಿ ದೂರ 3 ಎಂದು ಬಂದರೆ ಹಡಗಿರುವುದು (3, 4)ರಲ್ಲಿ; ಸುಮಾರು 8.5 ಬಂದರೆ ಇನ್ನೊಂದು ಬಿಂದುವಿನಲ್ಲಿ. ಹತ್ತನೆಯ ತರಗತಿಯ ದೂರ ಸೂತ್ರವನ್ನು ಬಲ್ಲ ವಿದ್ಯಾರ್ಥಿ ಇದನ್ನು ತಾನೇ ಪರೀಕ್ಷಿಸಬಹುದು.

ಇದು ಬರಿಯ ಆಟದ ಮಾತಲ್ಲ. ಹಡಗು ಮತ್ತು ವಿಮಾನಗಳಲ್ಲಿ ಅಪಾಯಕಾಲಕ್ಕೆಂದು 406 ಮೆಗಾಹರ್ಟ್ಸ್‌ನ ಸಂಕೇತ ಸಾಧನಗಳಿರುತ್ತವೆ. ಅವುಗಳ ಕರೆಯನ್ನು ಉಪಗ್ರಹಗಳು ಗ್ರಹಿಸಿ ಭೂಕೇಂದ್ರಗಳಿಗೆ ತಲುಪಿಸುತ್ತವೆ. ಕಾಸ್ಪಾಸ್-ಸಾರ್ಸಾಟ್ ಎಂಬ ಈ ಅಂತಾರಾಷ್ಟ್ರೀಯ ವ್ಯವಸ್ಥೆಯ ಭಾರತೀಯ ನಿಯಂತ್ರಣ ಕೇಂದ್ರವು ಬೆಂಗಳೂರಿನಲ್ಲಿ, ಇಸ್ರೋದ ಇಸ್ಟ್ರಾಕ್ ಸಂಸ್ಥೆಯಲ್ಲಿದೆ. ಉಪಗ್ರಹವು ಸಾಧನದ ಕಡೆಗೆ ಬರುವಾಗ ಆವರ್ತನ ಏರಿದಂತೆಯೂ ದೂರ ಸರಿಯುವಾಗ ಇಳಿದಂತೆಯೂ ತೋರುತ್ತದೆ. ರೈಲಿನ ಕೂಗು ನಮ್ಮನ್ನು ದಾಟಿ ಹೋದಾಗ ಬದಲಾಗುವಂತೆಯೇ ಇದು. ಈ ವ್ಯತ್ಯಾಸದಿಂದ ಸ್ಥಳವನ್ನು ಗಣಿಸುತ್ತಾರೆ. ಸಮೀಪಕ್ಕೆ ಬಂದ ರಕ್ಷಣಾ ತಂಡವು 121.5 ಮೆಗಾಹರ್ಟ್ಸ್‌ನ ಕ್ಷೀಣ ಸಂಕೇತದ ದಿಕ್ಕು ಹಿಡಿದು ಮುನ್ನಡೆಯುತ್ತದೆ. ಅಲ್ಲಿ ಲೆಕ್ಕ ತಪ್ಪಿದರೆ ಕಳೆದುಹೋಗುವುದು ಅಂಕವಲ್ಲ, ಪ್ರಾಣ.

ಆಟದ ಪರದೆಯ ಮೇಲಿನ ಪದಗಳು ಇಂಗ್ಲಿಷಿನವು, ನಿಜ. ಅವುಗಳನ್ನು ಮಕ್ಕಳು ಕಲಿಯಬೇಕು, ಕಲಿಯಬಲ್ಲರು. ಆದರೆ ಹಡಗನ್ನು ಹುಡುಕಿಕೊಡುವುದು ಆ ಪದಗಳಲ್ಲ. ವೃತ್ತ, ತ್ರಿಜ್ಯ, ಕೋನ, ನಿರ್ದೇಶಾಂಕಗಳ ಅರಿವು. ಅದನ್ನು ಮನೆಮಾತಿನಲ್ಲಿ ಗಟ್ಟಿಯಾಗಿ ಪಡೆದ ಮಗುವಿಗೆ ಹೊಸ ಪದವೆಂದರೆ ತಿಳಿದ ವಸ್ತುವಿಗೆ ಇನ್ನೊಂದು ಹೆಸರು ಮಾತ್ರ. ಅರಿವಿಲ್ಲದೆ ಪದವನ್ನಷ್ಟೇ ಬಾಯಿಪಾಠ ಮಾಡಿದ ಮಗುವು ಯಾವ ಮಾಧ್ಯಮದಲ್ಲಿದ್ದರೂ ಎರಡು ವೃತ್ತಗಳ ಮುಂದೆ ನಿಂತುಬಿಡುತ್ತದೆ.

ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೂ ಚಿಂತೆಯಿಲ್ಲ. ಮುಂದಿನ ಭಾನುವಾರ ಒಂದು ಗ್ರಾಫ್ ಹಾಳೆ, ಕೈವಾರ ಮತ್ತು ಅಳತೆಪಟ್ಟಿಯನ್ನು ಮಕ್ಕಳ ಮುಂದಿಡಿರಿ. ಹಾಳೆಯಲ್ಲಿ ಒಂದು ಬಿಂದುವನ್ನು ನೀವು ಮನಸ್ಸಿನಲ್ಲೇ ಇರಿಸಿಕೊಂಡು, ಅವರು ಕೇಳಿದ ಸ್ಥಳದಿಂದ ಅದರ ದೂರವನ್ನಷ್ಟೇ ಹೇಳಿರಿ. ಎಷ್ಟನೆಯ ಪ್ರಶ್ನೆಗೆ ಹಡಗು ಸಿಕ್ಕಿತೆಂದು ಎಣಿಸಿರಿ. ಮೂರಕ್ಕೇ ಸಿಕ್ಕರೆ, ಆ ಮೂರು ಸ್ಥಳಗಳನ್ನು ಏಕೆ ಆರಿಸಿಕೊಂಡೆ ಎಂದು ಮಗುವನ್ನೇ ಕೇಳಿರಿ. ಉತ್ತರ ಕನ್ನಡದಲ್ಲೇ ಬರಲಿ.