ಚಕ್ರದ ಉಡುಗೆ

ಸಾಹಿತ್ಯದ ಅಧ್ಯಾಪಕನಿಗೂ ಕಾರಿನ ಟೈರಿಗೂ ಎಲ್ಲಿಯ ನಂಟು ಎಂದು ಕೆಲವರಿಗೆ ಅನ್ನಿಸೀತು. ಆದರೆ ಟೈರು ಎಂಬ ಮಾತಿನಲ್ಲಿಯೇ ಒಂದು ರೂಪಕ ಅಡಗಿದೆ. ಇಂಗ್ಲಿಷಿನಲ್ಲಿ ಉಡುಪು ಎಂಬ ಅರ್ಥದ ‘ಅಟೈರ್’ ಪದದ ತಲೆ ಸವೆದು ‘ಟೈರ್’ ಆಯಿತು. ಎಂದರೆ ಅದು ಚಕ್ರದ ಉಡುಗೆ. ಮೊದಲು ಈ ಉಡುಗೆ ಕಬ್ಬಿಣದ್ದು. ನಮ್ಮ ಕಮ್ಮಾರನು ಎತ್ತಿನ ಗಾಡಿಯ ಚಕ್ರಕ್ಕೆ ಕಾಯಿಸಿ ತೊಡಿಸುತ್ತಿದ್ದ ಪಟ್ಟಿಯೂ ಅದೇ. ಗಾಳಿ ತುಂಬಿದ ಟೈರಿಗೆ ರಾಬರ್ಟ್ ಥಾಮ್ಸನ್ 1845ರಲ್ಲಿಯೇ ಪೇಟೆಂಟು ಪಡೆದಿದ್ದನು. ಆದರೂ ಅದು ಬಳಕೆಗೆ ಬಂದದ್ದು 1888ರಲ್ಲಿ, ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನು ಮತ್ತೆ ಕಂಡುಕೊಂಡ ಮೇಲೆ.

ಗಾಳಿಯ ಹಿಂದೆಯೇ ಪಂಕ್ಚರೂ ಬಂದಿತು. ವೇಲ್ಸಿನ ಲಾನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಹೆಚ್ಚುವರಿ ಚಕ್ರವೊಂದು ತಯಾರಾಯಿತು. ಆ ಬೀದಿಯ ಹೆಸರೇ ನಮ್ಮ ಹೆದ್ದಾರಿಗಳ ಪಂಕ್ಚರ್ ಅಂಗಡಿಗಳಲ್ಲಿ ಇಂದಿಗೂ ‘ಸ್ಟೆಪ್ನಿ’ಯಾಗಿ ಬದುಕಿದೆ.

ಓಡುವಾಗ ಟೈರು ಒಡೆದರೆ ಥಟ್ಟನೆ ಬ್ರೇಕು ಒತ್ತಬಾರದು. ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು, ವೇಗ ತಾನಾಗಿ ಇಳಿಯಲು ಬಿಟ್ಟು, ರಸ್ತೆಯ ಎಡಕ್ಕೆ ಸರಿಯಬೇಕು. ಗಟ್ಟಿಯಾದ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ಹಿಂದೆ ದೂರದಲ್ಲಿ ಕೆಂಪು ತ್ರಿಕೋನವನ್ನಿಡಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಕೆಟ್ಟ ಚಕ್ರಕ್ಕೆ ಮೂಲೆಯೆದುರಿನ ಚಕ್ರಕ್ಕೆ ಕಲ್ಲನ್ನು ಆನಿಸಬೇಕು. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ತುಸು ಸಡಿಲಿಸಬೇಕು. ಕಾರನ್ನು ಎತ್ತಿದ ಮೇಲೆ ಬಲ ಹಾಕಿದರೆ ಅದು ಜಾಕಿನಿಂದ ಜಾರೀತು. ಜಾಕಿನ ಮೇಲಿರುವ ಕಾರಿನ ಕೆಳಗೆ ಕೈಕಾಲು ಚಾಚುವುದು ಪ್ರಾಣಕ್ಕೆ ಎರವು. ಹೊಸ ಚಕ್ರ ತೊಡಿಸಿದ ಮೇಲೆ ನಟ್ಟುಗಳನ್ನು ಸಾಲಾಗಿ ಅಲ್ಲ, ಎದುರುಬದುರಾಗಿ ಬಿಗಿಯಬೇಕು. ಕಾರನ್ನು ಇಳಿಸಿದ ಅನಂತರ ಮತ್ತೊಮ್ಮೆ.

ಟ್ಯೂಬಿಲ್ಲದ ಟೈರಿಗೆ ಮೊಳೆ ಹೊಕ್ಕಿದ್ದರೆ ಕಿತ್ತೆಸೆಯುವ ಆತುರ ಬೇಡ. ಮೊಳೆಯೇ ಗಾಳಿಗೆ ತಡೆಯಾಗಿರುತ್ತದೆ. ಅಂಗಡಿಯವರೆಗೆ ನಿಧಾನವಾಗಿ ಸಾಗಬಹುದು. ರಸ್ತೆಗೆ ತಾಗುವ ಮೈಯಲ್ಲಿನ ತೂತನ್ನು ಮುಚ್ಚಬಹುದು. ಪಕ್ಕದ ಗೋಡೆ ಸೀಳಿದ್ದರೆ, ಸದಾ ಬಾಗುತ್ತಿರುವ ಆ ಭಾಗದಲ್ಲಿ ತೇಪೆ ನಿಲ್ಲದು, ಟೈರನ್ನೇ ಬದಲಿಸಬೇಕು.

ಕೊಳ್ಳುವವನು ಟೈರಿನ ಮೈಮೇಲಿನ ಶಾಸನವನ್ನು ಓದಲು ಕಲಿಯಬೇಕು. 165/80 ಆರ್ 14 85 ಟಿ ಎಂದಿದ್ದರೆ, ಅಗಲ 165 ಮಿಲಿಮೀಟರ್. ಪಕ್ಕದ ಎತ್ತರ ಅದರ ನೂರಕ್ಕೆ 80 ಪಾಲು. ‘ಆರ್’ ಎಂದರೆ ರೇಡಿಯಲ್ ರಚನೆ. ಒಳಗಿನ ರಿಮ್ಮಿನ ವ್ಯಾಸ 14 ಅಂಗುಲ. 85 ಎಂಬುದು 515 ಕಿಲೋ ಹೊರುವ ಶಕ್ತಿಯ ಸಂಕೇತ. ‘ಟಿ’ ಗಂಟೆಗೆ 190 ಕಿಲೋಮೀಟರಿನ ವೇಗಮಿತಿ. ಇನ್ನೊಂದೆಡೆ ನಾಲ್ಕು ಅಂಕಿಗಳಿರುತ್ತವೆ: 2423 ಎಂದಿದ್ದರೆ ಅದು 2023ರ 24ನೆಯ ವಾರ ಹುಟ್ಟಿದ ಟೈರು. ಒಮ್ಮೆ ಅಂಗಡಿಯಾತನೊಬ್ಬನು ನಾಲ್ಕು ವರ್ಷದ ಹಿಂದಿನ ಸರಕನ್ನು ಹೊಸದೆಂದು ನನ್ನ ಮುಂದಿಟ್ಟನು. ಅಂಕಿಯತ್ತ ಬೆರಳು ತೋರಿಸಿದಾಗ ಮರುಮಾತಿಲ್ಲದೆ ಒಳಗಿನಿಂದ ಬೇರೊಂದನ್ನು ತಂದನು. ಬಳಸದೆ ಇಟ್ಟರೂ ರಬ್ಬರು ಮುಪ್ಪಾಗುತ್ತದೆ, ಬಿರಿಯುತ್ತದೆ.

ಗೀರುಗಳ ಆಳ 1.6 ಮಿಲಿಮೀಟರಿಗೆ ಇಳಿದರೆ ಟೈರಿನ ಆಯುಷ್ಯ ಮುಗಿಯಿತೆಂದೇ ಲೆಕ್ಕ. ಗೀರುಗಳ ನಡುವಿನ ಸಣ್ಣ ದಿಣ್ಣೆಗಳು ಮೇಲ್ಮೈಗೆ ಸಮವಾದಾಗ ಇದು ತಿಳಿಯುತ್ತದೆ. ಎರಡೇ ಟೈರು ಕೊಂಡಾಗ ಅವು ಹಿಂದಿನ ಚಕ್ರಗಳಿಗಿರಲಿ. ಮಳೆಯಲ್ಲಿ ಹಿಂಭಾಗ ಜಾರಿದರೆ ಕಾರನ್ನು ಹತೋಟಿಗೆ ತರುವುದು ಬಹು ಕಷ್ಟ.

2020ರ ನಿಯಮದ ತಿದ್ದುಪಡಿಯಿಂದ, ರಿಪೇರಿಯ ಕಿಟ್ಟೂ ಗಾಳಿಯ ಒತ್ತಡ ತಿಳಿಸುವ ಸಾಧನವೂ ಇರುವ ಟ್ಯೂಬ್‌ರಹಿತ ಟೈರಿನ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ತಮ್ಮ ಕಾರಿನಲ್ಲಿ ಯಾವುದಿದೆಯೆಂದು ಓದುಗರು ಇಂದೇ ನೋಡಿಕೊಳ್ಳಲಿ. ಪ್ರತಿಯೊಂದು ಟೈರೂ ರಸ್ತೆಯನ್ನು ಮುಟ್ಟುವುದು ಅಂಗೈಯಗಲದಷ್ಟೇ ಜಾಗದಲ್ಲಿ. ಇಡೀ ಸಂಸಾರ ಆ ನಾಲ್ಕು ಅಂಗೈಗಳ ಮೇಲೆ ಕುಳಿತು ಪ್ರಯಾಣ ಮಾಡುತ್ತದೆ. ತಿಂಗಳಿಗೊಮ್ಮೆ ಗಾಳಿ ನೋಡಿಸುವಾಗ ಸ್ಟೆಪ್ನಿಯನ್ನೂ ಹೊರಗೆ ತೆಗೆದು ನೋಡಿಸುವುದು ಲೇಸು.