ಲೆನ್ಸ್ ಹಾಕಿಕೊಂಡು ನೀರಿಗಿಳಿಯಬೇಡಿ

ಬೇಸಿಗೆ ರಜೆ ಬಂತೆಂದರೆ ಬೆಂಗಳೂರು, ತುಮಕೂರುಗಳಲ್ಲಿ ಓದುವ ಮಕ್ಕಳು ಕುಣಿಗಲ್‌ನ ನಾನಿಮನೆಗೆ ಬರುತ್ತಾರೆ. ತೆಂಗಿನ ತೋಟದ ಬಾವಿಯೋ, ಪಂಪ್‌ಸೆಟ್ಟಿನ ತೊಟ್ಟಿಯೋ, ದೊಡ್ಡಕೆರೆಯ ದಡವೋ, ನೀರು ಕಂಡರೆ ಇಳಿಯುವ ಆಸೆ ಸಹಜ. ಈಜು ಒಳ್ಳೆಯ ವ್ಯಾಯಾಮ. ನಮ್ಮ ದೀನ್ ಕೂಡ ಅದನ್ನು ಕಲಿಯಲು ಪ್ರೋತ್ಸಾಹಿಸಿದೆ. ಈಜು ಬಲ್ಲ ಹಿರಿಯರಿಲ್ಲದೆ ನೀರಿಗಿಳಿಯಬೇಡಿ ಎಂದು ನೀವು ಮಕ್ಕಳಿಗೆ ಹೇಳಿಯೇ ಇರುತ್ತೀರಿ. ಅದರ ಜೊತೆಗೆ ಇನ್ನೊಂದು ಮಾತನ್ನೂ ಕೇಳಿ: “ಕಣ್ಣಿನಲ್ಲಿ ಲೆನ್ಸ್ ಇದೆಯಾ?”

ಇಂದು ಕಾಲೇಜಿಗೆ ಹೋಗುವ ಅನೇಕ ಮಕ್ಕಳು ಕಾಂಟ್ಯಾಕ್ಟ್ ಲೆನ್ಸ್ ಬಳಸುತ್ತಾರೆ. ನಿಖಾಬ್ ಧರಿಸುವ ಹೆಣ್ಣುಮಕ್ಕಳಿಗೆ ಉಸಿರಿನ ಆವಿಯಿಂದ ಕನ್ನಡಕ ಮಸುಕಾಗುವುದೂ ಇದಕ್ಕೊಂದು ಕಾರಣ. ಸರಿಯಾಗಿ ಬಳಸಿದರೆ ಲೆನ್ಸ್‌ನಿಂದ ತೊಂದರೆಯಿಲ್ಲ. ಆದರೆ ಲೆನ್ಸ್ ಮತ್ತು ನೀರು ಸೇರಬಾರದು. ಕೆರೆ ನೀರಿರಲಿ, ಈಜುಕೊಳದ ನೀರಿರಲಿ, ಮನೆಯ ನಲ್ಲಿ ನೀರಿರಲಿ, ನಿಯಮ ಒಂದೇ.

ನೀರಿನಲ್ಲಿ ಏನಿದೆ?

ಕಣ್ಣಿನ ಕಪ್ಪುಗುಡ್ಡೆಯ ಮುಂದೆ ಗಾಜಿನಂತೆ ಪಾರದರ್ಶಕವಾದ ಒಂದು ಪದರವಿದೆ. ಅದನ್ನು ಕಾರ್ನಿಯಾ ಎನ್ನುತ್ತಾರೆ. ಬೆಳಕು ಒಳಗೆ ಹೋಗುವುದು ಇದರ ಮೂಲಕವೇ. ನಾವು ರೆಪ್ಪೆ ಮಿಟುಕಿಸಿದಾಗಲೆಲ್ಲ ಕಣ್ಣೀರು ಈ ಪದರವನ್ನು ತೊಳೆಯುತ್ತದೆ, ಅದಕ್ಕೆ ಅಂಟಿದ ಕೊಳೆಯನ್ನೂ ರೋಗಾಣುಗಳನ್ನೂ ಹೊರಗೆ ಸಾಗಿಸುತ್ತದೆ. ಅಲ್ಲಾಹನು ಕೊಟ್ಟ ಕಾವಲು ಇದು. ಲೆನ್ಸ್ ಹಾಕಿಕೊಂಡು ನೀರಿಗಿಳಿದಾಗ ಈ ಕಾವಲಿಗೆ ಅಡ್ಡಿಯಾಗುತ್ತದೆ. ಮೃದುವಾದ ಲೆನ್ಸ್ ಸ್ಪಂಜಿನಂತೆ ನೀರನ್ನು ಹೀರಿಕೊಳ್ಳುತ್ತದೆ. ನೀರಿನಲ್ಲಿದ್ದ ರೋಗಾಣುಗಳು ಲೆನ್ಸ್‌ಗೆ ಅಂಟಿಕೊಂಡು ಗಂಟೆಗಟ್ಟಲೆ ಕಾರ್ನಿಯಾದ ಮೇಲೆಯೇ ಉಳಿಯುತ್ತವೆ. ಅಲ್ಲದೆ ಸಿಹಿನೀರಿನಲ್ಲಿ ಕಣ್ಣೀರಿನಷ್ಟು ಉಪ್ಪಿಲ್ಲ. ಹಾಗಾಗಿ ಲೆನ್ಸ್ ಬಿಗಿದು ಕಣ್ಣಿಗೆ ಅಂಟಿಕೊಳ್ಳಬಹುದು. ಅದನ್ನು ಬಲವಂತವಾಗಿ ಕಿತ್ತರೆ ಕಾರ್ನಿಯಾದಲ್ಲಿ ಗೀರು ಬಿದ್ದು, ರೋಗಾಣುಗಳಿಗೆ ಬಾಗಿಲು ತೆರೆದಂತಾಗುತ್ತದೆ.

ಹೀಗೆ ಸೇರುವ ರೋಗಾಣುಗಳಲ್ಲಿ ಎರಡರ ಹೆಸರು ತಿಳಿದಿರಲಿ. ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ಕಾರ್ನಿಯಾದಲ್ಲಿ ಹುಣ್ಣು ಮಾಡಬಲ್ಲದು. ಅಕಾಂತಮೀಬಾ ಎಂಬ ಏಕಕೋಶ ಜೀವಿಯಿಂದ ಬರುವ ಸೋಂಕು ಅಪರೂಪ, ಆದರೆ ಬಂದರೆ ಬಹಳ ಕಾಡುತ್ತದೆ. ಈ ಜೀವಿ ಮಣ್ಣು, ಕೆರೆ, ಬಾವಿ, ಓವರ್‌ಹೆಡ್ ಟ್ಯಾಂಕ್ ಎಲ್ಲ ಕಡೆಯೂ ಇರುತ್ತದೆ. ಪರಿಸ್ಥಿತಿ ಪ್ರತಿಕೂಲವಾದಾಗ ತನ್ನ ಸುತ್ತ ಗಟ್ಟಿ ಕವಚ ಕಟ್ಟಿಕೊಳ್ಳುವುದರಿಂದ ಈಜುಕೊಳಕ್ಕೆ ಹಾಕುವ ಕ್ಲೋರಿನ್‌ಗೂ ಸಾಯುವುದಿಲ್ಲ. ಸೋಂಕು ತಗುಲಿದರೆ ತಿಂಗಳುಗಟ್ಟಲೆ ಔಷಧದ ಹನಿ ಹಾಕಬೇಕಾಗುತ್ತದೆ. ಕೆಲವರಿಗೆ ದಾನಿಗಳ ಕಾರ್ನಿಯಾ ಕಸಿ ಮಾಡಬೇಕಾಗುತ್ತದೆ. ಕೆಲವರು ದೃಷ್ಟಿಯನ್ನೇ ಕಳೆದುಕೊಂಡಿದ್ದಾರೆ.

1980ರ ದಶಕದಲ್ಲಿ ಅಮೆರಿಕದಲ್ಲಿ ಈ ಸೋಂಕಿನ ಪ್ರಕರಣಗಳು ಏರಿದಾಗ ತನಿಖೆ ನಡೆಯಿತು. ಉಪ್ಪಿನ ಮಾತ್ರೆ ಕರಗಿಸಿ ಮನೆಯಲ್ಲೇ ಲೆನ್ಸ್ ದ್ರವ ತಯಾರಿಸಿಕೊಳ್ಳುತ್ತಿದ್ದವರಲ್ಲಿ, ಲೆನ್ಸ್ ಹಾಕಿಕೊಂಡೇ ಈಜುತ್ತಿದ್ದವರಲ್ಲಿ ಇದು ಹೆಚ್ಚಾಗಿ ಕಂಡುಬಂತು. ನಮ್ಮ ದೇಶದಲ್ಲಿ ಲೆನ್ಸ್ ಬಳಸದವರಿಗೇ ಈ ಸೋಂಕು ಹೆಚ್ಚು. ಹೊಲಗದ್ದೆಯಲ್ಲಿ ಕಣ್ಣಿಗೆ ಪೆಟ್ಟಾದವರು, ಕೊಳಕು ನೀರಿನಿಂದ ಕಣ್ಣು ತೊಳೆದವರು ಅವರಲ್ಲಿ ಸೇರಿದ್ದಾರೆ. ಅಂದರೆ ನಮ್ಮ ನೀರಿನಲ್ಲೂ ಈ ಜೀವಿ ಇದೆ.

ಹಾಗಾದರೆ ಈಜುವುದು ಹೇಗೆ?

“ಲೆನ್ಸ್ ತೆಗೆದರೆ ದಡವೇ ಕಾಣುವುದಿಲ್ಲ” ಎಂದು ಮಕ್ಕಳು ಹೇಳಬಹುದು. ಅದು ನಿಜವೂ ಹೌದು. ಕಣ್ಣು ಸರಿಯಾಗಿ ಕಾಣದೆ ಆಳದ ನೀರಿಗಿಳಿಯುವುದು ಅಪಾಯ. ಇದಕ್ಕೆ ಪರಿಹಾರ ಪವರ್ ಇರುವ ಈಜು ಕನ್ನಡಕ. ಕನ್ನಡಕದ ಅಂಗಡಿಯಲ್ಲಿ ಕೇಳಿ ತರಿಸಿಕೊಳ್ಳಬಹುದು. ಬೇರೆ ದಾರಿಯೇ ಇಲ್ಲವೆಂದಾದರೆ ಒಂದು ದಿನ ಬಳಸಿ ಎಸೆಯುವ ಲೆನ್ಸ್ ಹಾಕಿ, ಅದರ ಮೇಲೆ ನೀರು ನುಸುಳದ ಈಜು ಕನ್ನಡಕ ಧರಿಸಿ. ಹೊರಬಂದ ಕೂಡಲೇ ಆ ಲೆನ್ಸ್ ಎಸೆಯಿರಿ. ಇದರಿಂದ ಅಪಾಯ ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ತಪ್ಪುವುದಿಲ್ಲ.

ಮರೆತು ಲೆನ್ಸ್ ಹಾಕಿಕೊಂಡೇ ನೀರಿಗಿಳಿದಿದ್ದರೆ ಗಾಬರಿ ಬೇಡ. ಸೋಪಿನಿಂದ ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ. ಲೆನ್ಸ್ ಅಂಟಿಕೊಂಡಿದ್ದರೆ ಲೆನ್ಸ್ ಬಳಸುವವರಿಗೆಂದೇ ಇರುವ ತೇವದ ಹನಿ ಹಾಕಿ ಸ್ವಲ್ಪ ಹೊತ್ತು ಕಾಯಿರಿ, ಸಡಿಲವಾದ ಮೇಲೆ ತೆಗೆಯಿರಿ. ಆ ಲೆನ್ಸನ್ನು ಎಸೆಯುವುದೇ ಕ್ಷೇಮ. ಆ ದಿನ ಕನ್ನಡಕವನ್ನೇ ಹಾಕಿಕೊಳ್ಳಿ.

ವುಝೂ ಮತ್ತು ಗುಸ್ಲ್

ದಿನಕ್ಕೆ ಐದು ಬಾರಿ ಮುಖ ತೊಳೆಯುವ ನಮಗೆ ಇದು ಮುಖ್ಯವಾದ ವಿಷಯ. ವುಝೂವಿನಲ್ಲಿ ಮುಖ ತೊಳೆಯುವುದು ಫರ್ಝ್. ಆದರೆ ಕಣ್ಣಿನ ಒಳಗೆ ನೀರು ಹಾಯಿಸಬೇಕಾಗಿಲ್ಲ. ಗುಸ್ಲ್‌ನಲ್ಲೂ ಹಾಗೆಯೇ. ಆದ್ದರಿಂದ ಲೆನ್ಸ್ ಇದ್ದರೂ ವುಝೂ ಆಗುತ್ತದೆ. ಮುಖಕ್ಕೆ ನೀರು ಹಾಕುವಾಗ ಕಣ್ಣು ಮುಚ್ಚಿಕೊಳ್ಳಿ. ಮುಖ ಒರೆಸಿದ ಮೇಲೆ ಕಣ್ಣು ತೆರೆಯಿರಿ. ಸ್ನಾನಕ್ಕೆ ಹೋಗುವಾಗ ಮಾತ್ರ ಲೆನ್ಸ್ ತೆಗೆದಿಡಿ. ವುಝೂ ಮಾಡಿದ ಒದ್ದೆ ಕೈಯಿಂದ ಲೆನ್ಸ್ ಮುಟ್ಟಬೇಡಿ. ಕೈ ಒರೆಸಲು ಎಲ್ಲರೂ ಬಳಸುವ ಟವೆಲ್ ಬೇಡ, ನಿಮ್ಮದೇ ಒಣ ಬಟ್ಟೆ ಇರಲಿ.

ಲೆನ್ಸ್ ಮತ್ತು ಅದರ ಡಬ್ಬಿಯನ್ನು ನಲ್ಲಿ ನೀರಿನಿಂದ ತೊಳೆಯಬೇಡಿ. ಬಾಟಲಿ ನೀರು, ಕಾದಾರಿದ ನೀರು ಕೂಡ ಬೇಡ. ಝಂಝಂ ಬರಕತ್ತಿನ ನೀರು, ಅದನ್ನು ಕುಡಿಯೋಣ. ಲೆನ್ಸ್ ಇಡಲು ಮಾತ್ರ ಲೆನ್ಸ್ ದ್ರವವನ್ನೇ ಬಳಸೋಣ. ನಿನ್ನೆಯ ದ್ರವಕ್ಕೆ ಇಂದಿನದನ್ನು ಸೇರಿಸಬೇಡಿ. ಹಳೆಯದನ್ನು ಚೆಲ್ಲಿ ಹೊಸದನ್ನು ಹಾಕಿ.

ಯಾವಾಗ ವೈದ್ಯರ ಬಳಿ ಹೋಗಬೇಕು?

ಕಣ್ಣು ಕೆಂಪಾಗಿ ನೋಯುತ್ತಿದ್ದರೆ, ಬೆಳಕು ನೋಡಲಾಗದಿದ್ದರೆ, ನೀರು ಸುರಿಯುತ್ತಿದ್ದರೆ, ದೃಷ್ಟಿ ಮಂಜಾದರೆ, ಲೆನ್ಸ್ ತೆಗೆದ ಮೇಲೂ ಮರಳು ಬಿದ್ದಂತೆ ಚುಚ್ಚುತ್ತಿದ್ದರೆ ಅಂದೇ ಕಣ್ಣಿನ ವೈದ್ಯರನ್ನು ಕಾಣಿ. ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ ಹನಿ ತಂದು ಹಾಕಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ತಗ್ಗಿ ವಾಸಿಯಾದಂತೆ ಕಂಡು, ಒಳಗೆ ಸೋಂಕು ಬೆಳೆಯುತ್ತದೆ. ಎದೆಹಾಲು, ಹೂವಿನ ರಸ, ಸುರ್ಮಾ ಯಾವುದೂ ಬೇಡ. ಅಕಾಂತಮೀಬಾ ಸೋಂಕನ್ನು ಆರಂಭದಲ್ಲಿ ಹರ್ಪಿಸ್ ವೈರಸ್ ಸೋಂಕೆಂದು ತಪ್ಪು ತಿಳಿಯುವುದುಂಟು. ಆದ್ದರಿಂದ “ಲೆನ್ಸ್ ಹಾಕಿಕೊಂಡು ಈಜಿದ್ದೆ” ಎಂಬುದನ್ನು ಮುಚ್ಚಿಡದೆ ಹೇಳಿ. ಲೆನ್ಸ್ ಮತ್ತು ಡಬ್ಬಿಯನ್ನೂ ತೆಗೆದುಕೊಂಡು ಹೋಗಿ, ಅವುಗಳನ್ನು ಪರೀಕ್ಷಿಸಿದರೆ ರೋಗಾಣು ಸಿಗಬಹುದು. ಕುಣಿಗಲ್‌ನವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಹೆಚ್ಚಿನ ಚಿಕಿತ್ಸೆ ಬೇಕೆಂದರೆ ಬೆಂಗಳೂರಿನಲ್ಲಿ ಸರಕಾರಿ ಮಿಂಟೋ ಕಣ್ಣಾಸ್ಪತ್ರೆ ಇದೆ.

ಚಿಕಿತ್ಸೆಯ ದಿನಗಳಲ್ಲಿ ಕಣ್ಣಿಗೆ ನೀರು ತಾಗಬಾರದು ಎಂದು ವೈದ್ಯರು ಹೇಳಿದರೆ ವುಝೂವಿನಲ್ಲಿ ರಿಯಾಯಿತಿ ಇದೆ. ಅದರ ಕ್ರಮವನ್ನು ನಿಮ್ಮ ಮಸೀದಿಯ ಇಮಾಮರಲ್ಲಿ ಕೇಳಿ ತಿಳಿಯಿರಿ.

ಕಣ್ಣು ನಮಗೆ ಅಲ್ಲಾಹನು ಒಪ್ಪಿಸಿದ ಅಮಾನತ್ತು. ಈ ರಜೆಯಲ್ಲಿ ಮಕ್ಕಳ ಚೀಲಕ್ಕೆ ಬಟ್ಟೆಬರೆ ತುಂಬುವಾಗ ಹಳೆಯ ಕನ್ನಡಕವನ್ನೂ ಲೆನ್ಸ್ ಡಬ್ಬಿಯನ್ನೂ ನೆನಪಿನಿಂದ ಹಾಕಿ.