ಹಾರಿಕೆಯ ಉತ್ತರದ ಮುಂದಿನ ಪ್ರಶ್ನೆ

ಗಂಗಾವತಿಯಿಂದ 2023ರಲ್ಲಿ ಕಲ್ಯಾಣ ರಾಜ್ಯ ಪ್ರಗತಿ ಪಕ್ಷದ ಶಾಸಕರಾಗಿ ಗೆದ್ದ ಜಿ. ಜನಾರ್ದನ ರೆಡ್ಡಿಯವರಿಗೆ ಓಬಳಾಪುರಂ ಅಕ್ರಮ ಗಣಿಗಾರಿಕೆ ಪ್ರಕರಣದಲ್ಲಿ ಹೈದರಾಬಾದಿನ ಸಿಬಿಐ ವಿಶೇಷ ನ್ಯಾಯಾಲಯ 2025ರ ಮೇ 6ರಂದು 7 ವರ್ಷ ಶಿಕ್ಷೆ ವಿಧಿಸಿತು. ಶಾಸಕ ಸ್ಥಾನವೂ ಹೋಯಿತು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಸ್ಥಾನ ಮರಳಿ ಸಿಕ್ಕಿತು. ಎರಡೂ ಸುದ್ದಿ ಒಂದೇ ದಪ್ಪದ ಅಕ್ಷರದಲ್ಲಿ ಬರಬೇಕು. ಆದರೆ ‘ಕೋರ್ಟ್ ಹೀಗೆಂದಿತು, ನಾಯಕರು ಹಾಗೆಂದರು’ ಎಂದು ಎರಡು ಹೇಳಿಕೆ ಜೋಡಿಸಿದ ಮಾತ್ರಕ್ಕೆ ವರದಿ ವಸ್ತುನಿಷ್ಠವಾಗುವುದಿಲ್ಲ. ಸಾಕ್ಷಿ, ದಾಖಲೆ, ಪಾಟೀಸವಾಲು ದಾಟಿ ಬಂದ ತೀರ್ಪಿಗೂ ಪತ್ರಿಕಾಗೋಷ್ಠಿಯ ಸಮಜಾಯಿಷಿಗೂ ಒಂದೇ ತೂಕವಿಲ್ಲ. ಮೇಲ್ಮನವಿಯಲ್ಲಿ ತೀರ್ಪು ಬದಲಾಗಬಹುದು, ನಿಜ. ಅಲ್ಲಿಯವರೆಗೆ ವರದಿಗಾರ ಬಾಯಿ ಮುಚ್ಚಿಕೊಂಡಿರಬೇಕೆಂದು ಯಾವ ಕಾನೂನೂ ಹೇಳಿಲ್ಲ.

ಹೇಳಿಕೆಯನ್ನಷ್ಟೇ ಅಚ್ಚುಹಾಕುವುದರ ಅಪಾಯಕ್ಕೆ ಹಳೆಯ ಉದಾಹರಣೆಯಿದೆ. ಅಮೆರಿಕದಲ್ಲಿ 1950ರಲ್ಲಿ ಸೆನೆಟರ್ ಜೋಸೆಫ್ ಮೆಕಾರ್ಥಿ ಸರ್ಕಾರದೊಳಗಿನ ಕಮ್ಯುನಿಸ್ಟರ ಪಟ್ಟಿ ತಮ್ಮಲ್ಲಿದೆ ಎಂದರು. ಸಂಖ್ಯೆ ಭಾಷಣದಿಂದ ಭಾಷಣಕ್ಕೆ ಬದಲಾಯಿತು. ಹೇಳಿದ್ದನ್ನು ಹೇಳಿದಂತೆ ಅಚ್ಚುಹಾಕಿದ ಬಹಳಷ್ಟು ಪತ್ರಿಕೆಗಳು ನಿಷ್ಪಕ್ಷಪಾತದ ಹೆಸರಿನಲ್ಲಿ ಸುಳ್ಳನ್ನು ಮನೆಮನೆಗೆ ಮುಟ್ಟಿಸಿದವು. ನಮ್ಮಲ್ಲಿ ‘ಬೈಟ್’ ಎಂಬ ತುಣುಕು ಹೇಳಿಕೆ ತಂದುಕೊಡುವುದೇ ವರದಿಗಾರಿಕೆಯಾದರೆ ಆಗುವುದೂ ಇದೇ. ‘ಆರೋಪಕ್ಕೆ ಏನಂತೀರಿ ಸರ್?’ ಎಂದರೆ ಉತ್ತರವಾಗಿ ಭಾಷಣ ಬರುತ್ತದೆ. ದಾಖಲೆ ಓದಿಕೊಂಡು ಹೋದರೆ ಮಾತು ಬೇರೆ. ಕರ್ನಾಟಕದ ಅಂದಿನ ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ಬಗ್ಗೆ 2011ರ ಜುಲೈನಲ್ಲಿ ಕೊಟ್ಟ ವರದಿ ಬೊಕ್ಕಸದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತ್ತು. ಪರ್ಮಿಟ್, ಲಾರಿ, ಬಂದರು ಎಲ್ಲದರ ವಿವರ ಅದರಲ್ಲಿದೆ. ಆ ಪುಟಗಳನ್ನು ಓದಿಕೊಂಡು ಹೋದವರು ಇಂತಿಷ್ಟು ಅದಿರು ಯಾವ ಪರ್ಮಿಟ್ ಮೇಲೆ ಸಾಗಿತು ಎಂದು ಕೇಳಬಲ್ಲರು. ಉತ್ತರ ಹಾರಿಕೆಯದಾದರೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಬಲ್ಲರು.

ಹೀಗೆ ಪಟ್ಟುಹಿಡಿದು ಕೇಳುವುದು ವಕೀಲಿಕೆ, ಪಕ್ಷ ವಹಿಸುವುದು ಎಂಬ ಆಕ್ಷೇಪವಿದೆ. ಬೇಲೆಕೇರಿ ಬಂದರಿನ ಅದಿರು ಅಕ್ರಮ ಸಾಗಣೆ ಪ್ರಕರಣದಲ್ಲಿ 2024ರ ಅಕ್ಟೋಬರ್‌ನಲ್ಲಿ ಶಿಕ್ಷೆಗೊಳಗಾದ ಕಾರವಾರ ಶಾಸಕ ಸತೀಶ್ ಸೈಲ್ ಕಾಂಗ್ರೆಸ್‌ನವರು. ರೆಡ್ಡಿಯವರು ಈಗ ಬಿಜೆಪಿಯಲ್ಲಿದ್ದಾರೆ. ಸೈಲ್ ಅವರ ಶಿಕ್ಷೆಯೂ ಹೈಕೋರ್ಟಿನಲ್ಲಿ ಅಮಾನತಾಯಿತು. ಇಬ್ಬರಿಗೂ ಅದೇ ಬಿಗಿಯ ಪ್ರಶ್ನೆ, ಇಬ್ಬರ ಪರ ಬಂದ ಆದೇಶಕ್ಕೂ ಅಷ್ಟೇ ಜಾಗ ಸಿಕ್ಕರೆ ಪಕ್ಷಪಾತದ ಮಾತೆಲ್ಲಿ?

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ತಾಲ್ಲೂಕು ವರದಿಗಾರರದು. ಜಾಹೀರಾತು ತರಬೇಕಾದವರೂ ಅವರೇ, ನಾಯಕರ ಮುನಿಸಿಗೆ ಸಿಗುವವರೂ ಅವರೇ. ಕುಷ್ಟಗಿಯಲ್ಲೋ ಯಲಬುರ್ಗಾದಲ್ಲೋ ಒಬ್ಬರನ್ನೇ ಮುಂದೆ ಬಿಟ್ಟು ಧೈರ್ಯದ ಪಾಠ ಹೇಳುವುದು ಅನ್ಯಾಯ. ಜಾಹೀರಾತಿನ ಹೊರೆಯನ್ನು ಅವರ ಹೆಗಲಿನಿಂದ ಇಳಿಸುವ ಕೆಲಸ ಸಂಪಾದಕರದು. ಪ್ರಶ್ನೆಯನ್ನು ಬರಹದಲ್ಲಿ ಕಚೇರಿಯ ಹೆಸರಿನಲ್ಲೇ ಕಳಿಸಬಹುದು, ಉತ್ತರ ಬಾರದಿದ್ದರೆ ಅದನ್ನೂ ಅಚ್ಚುಹಾಕಬಹುದು. ಪಕ್ಕದ ಕುರ್ಚಿಯವರು ಕೇಳಿ ಉತ್ತರ ಸಿಗದ ಪ್ರಶ್ನೆಯನ್ನು ಬೇರೆ ಪತ್ರಿಕೆಯವರು ಎತ್ತಿಕೊಂಡರೆ ನಾಯಕರು ಎಷ್ಟು ಜನರನ್ನು ಗೋಷ್ಠಿಯಿಂದ ಹೊರಗಿಟ್ಟಾರು?